ರೋಗಿಗಳ ನೆರವಿಗೆ ದುಡ್ಡು ಹೊಂದಿಸುವುದು ಹೇಗೆ? ಸಣ್ಣ ಟ್ರಸ್ಟ್‌ಗಳಿಗೆ ಒಂದು ಮಾರ್ಗದರ್ಶಿ

"ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡಿಕೊಳ್ಳುವ ಟ್ರಸ್ಟ್ ಮಾಡಬೇಕು ಅಂತಿದ್ದೀವಿ, ದುಡ್ಡಿಗೆ ಏನ್ ಮಾಡೋದು?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಅರ್ಧ ಜನ ಇನ್ನೂ ಶುರು ಮಾಡಿಲ್ಲ. ಉಳಿದವರು ಶುರು ಮಾಡಿ, ಎರಡನೇ ವರ್ಷಕ್ಕೆ ನರ್ಸ್ ಸಂಬಳ ಕೊಡಲಾಗದೆ ಕೂತಿದ್ದಾರೆ. ಇಬ್ಬರಿಗೂ ಉತ್ತರ ಹೆಚ್ಚುಕಡಿಮೆ ಒಂದೇ.

ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ವೀಲ್‌ಚೇರಿಗೆ ದುಡ್ಡು ಸಿಗುತ್ತದೆ. ಆಂಬುಲೆನ್ಸಿಗೂ ಸಿಗುತ್ತದೆ, ಅದರ ಮೇಲೆ ತಂದೆ-ತಾಯಿ ಹೆಸರು ಬರೆಸಬಹುದಲ್ವಾ. ನರ್ಸ್ ಸಂಬಳಕ್ಕೆ, ಡೀಸೆಲ್ಲಿಗೆ, ಫೋನ್ ಬಿಲ್ಲಿಗೆ ಸಿಗುವುದು ಕಷ್ಟ. ರೋಗಿಗೆ ಜಾಸ್ತಿ ಬೇಕಾಗುವುದು ಮಾತ್ರ ಇವೇ. ಹಾಗಾಗಿ ಯಾವ ಖರ್ಚಿಗೆ ಯಾವ ದುಡ್ಡು ಅಂತ ಮೊದಲೇ ಹೊಂದಿಸಿಕೊಳ್ಳಬೇಕು. ಸಿಕ್ಕಿದ್ದನ್ನೆಲ್ಲ ಒಂದೇ ಖಾತೆಗೆ ಹಾಕಿ, ಬೇಕಾದಾಗ ತೆಗೆದು ಖರ್ಚು ಮಾಡುವ ಟ್ರಸ್ಟ್ ಜಾಸ್ತಿ ದಿನ ನಡೆಯುವುದಿಲ್ಲ.

ಶುರು ಮಾಡುವ ಮುಂಚೆ ನಿಮ್ಮ ಹತ್ತಿರ ಮೂರು ಇರಲಿ: ಟ್ರಸ್ಟ್ ಕೆಲಸ ಗೊತ್ತಿರುವ ಒಬ್ಬ ಆಡಿಟರ್, ಬರೀ ಈ ಕೆಲಸಕ್ಕೆಂದೇ ಒಂದು ಬ್ಯಾಂಕ್ ಖಾತೆ, ವಾರಕ್ಕೆ ಅರ್ಧ ದಿನ ಲೆಕ್ಕ ಬರೆಯಲು ಒಪ್ಪಿದ ಒಬ್ಬರು. ಮೂರನೆಯವರು ಸಿಗುವುದೇ ಕಷ್ಟ. ಅವರಿಲ್ಲದೆ ಹೊರಡಬೇಡಿ.

1. ಒಂದು ಭೇಟಿಗೆ ಎಷ್ಟು ಬೀಳುತ್ತದೆ, ಲೆಕ್ಕ ಹಾಕಿ

ದಾನಿಯ ಮುಂದೆ ಹೋಗಿ "ತುಂಬಾ ಖರ್ಚಿದೆ ಸಾರ್" ಅಂದರೆ ಏನೂ ಹೇಳಿದಂತಾಗಲಿಲ್ಲ. ಒಂದು ಮನೆ ಭೇಟಿಗೆ ಎಷ್ಟು ಅಂತ ಹೇಳಲು ಬರಬೇಕು.

ಒಂದು ಉದಾಹರಣೆ ನೋಡೋಣ. ಅಂಕಿಗಳು ಬರೀ ಲೆಕ್ಕ ತೋರಿಸಲು, ನಿಮ್ಮೂರಿನದು ನೀವು ಹಾಕಿಕೊಳ್ಳಿ. ನರ್ಸ್ ಸಂಬಳ 22,000. ಡ್ರೈವರ್ ಕಮ್ ಸಹಾಯಕ 15,000. ಡೀಸೆಲ್, ರಿಪೇರಿ, ವಿಮೆ ಸೇರಿ 12,000. ಔಷಧಿ, ಗಾಜ್, ಕ್ಯಾಥೆಟರ್, ಕೈಗವಸು 14,000. ಫೋನು, ಬಾಡಿಗೆ, ಆಡಿಟ್ 7,000. ಒಟ್ಟು ತಿಂಗಳಿಗೆ 70,000. ಹಳ್ಳಿ ದಾರಿಯಲ್ಲಿ ಒಬ್ಬ ನರ್ಸ್ ದಿನಕ್ಕೆ ಐದು ಮನೆ ನೋಡಬಹುದು. ತಿಂಗಳಿಗೆ 20 ದಿನ ಅಂದರೆ 100 ಭೇಟಿ. ಒಂದು ಭೇಟಿಗೆ 700 ರೂಪಾಯಿ.

ಈ 700 ಎಂಬ ಸಂಖ್ಯೆ ನಿಮ್ಮ ಕರಪತ್ರದಲ್ಲಿ, ವಾಟ್ಸ್‌ಆ್ಯಪ್ ಸಂದೇಶದಲ್ಲಿ, ಕಂಪನಿಗೆ ಕೊಡುವ ಅರ್ಜಿಯಲ್ಲಿ ಎಲ್ಲ ಕಡೆ ಒಂದೇ ಇರಬೇಕು.

ಎಡವುವ ಜಾಗ: ಸಂಬಳವನ್ನು ಬಚ್ಚಿಡುವುದು. "ನಮ್ಮಲ್ಲಿ ಆಡಳಿತ ವೆಚ್ಚ ಶೂನ್ಯ, ಪ್ರತಿ ಪೈಸೆ ರೋಗಿಗೆ" ಅಂತ ಬರೆಯುವುದು ಈಗ ಫ್ಯಾಷನ್. ಹಾಗೆ ಬರೆದ ಮೇಲೆ ಸಂಬಳಕ್ಕೆ ಕೇಳುವ ಬಾಯಿ ಉಳಿಯುವುದಿಲ್ಲ. ಹುಣ್ಣು ತೊಳೆದು ಬ್ಯಾಂಡೇಜ್ ಕಟ್ಟುವ ಕೈಗೆ ಕೊಡುವ ಸಂಬಳವೇ ರೋಗಿಯ ಸೇವೆ. ಅದನ್ನು ಹಾಗೇ ಬರೆಯಿರಿ.

2. ಸರ್ಕಾರ ಕೊಡುವುದಕ್ಕೆ ನಿಮ್ಮ ದುಡ್ಡು ಹಾಕಬೇಡಿ

ದುಡ್ಡು ಕೂಡಿಸುವುದಕ್ಕಿಂತ ಮೊದಲು ಉಳಿಸುವುದು ಕಲಿಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2016ರಿಂದ ಇದೆ. ಟಿಬಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ಇದ್ದದ್ದು 2024ರ ನವೆಂಬರಿನಿಂದ 1,000 ಆಗಿದೆ. ಅದು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಮಕ್ಕಳ ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾ ಕಂಪನಿ ಸಮಾಜದ ಕೆಲಸಕ್ಕೆ ತೆಗೆದಿಡುವ (ಸಿಎಸ್‌ಆರ್) ಹಣದಿಂದ 10 ಲಕ್ಷದವರೆಗೆ ಸಿಗುವ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯೂ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್‌ನಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ಒಂದು ನಿಗದಿತ ನಮೂನೆಯ ಪತ್ರ ಬೇಕು ಅಷ್ಟೆ.

ಬಸ್ಸಿನದೂ ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಹಾಗಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿಬರುವ ಗಂಡಸು ರೋಗಿಗೆ ಬಸ್ ಚಾರ್ಜು ಕೊಡಬೇಕು. ಹೆಣ್ಣು ರೋಗಿಗೆ ಬಸ್‌ಸ್ಟ್ಯಾಂಡಿನಿಂದ ಆಸ್ಪತ್ರೆವರೆಗಿನ ಆಟೋ ಕೊಟ್ಟರೆ ಸಾಕು. ಇಂಥ ಸಣ್ಣ ಲೆಕ್ಕದಲ್ಲೇ ವರ್ಷಕ್ಕೆ ಸಾಕಷ್ಟು ಉಳಿಯುತ್ತದೆ.

ಯೋಜನೆಗಳು ಕೊಡದೆ ಬಿಡುವುದು ಏನು? ಆಸ್ಪತ್ರೆಗೆ ಹೋಗಿಬರುವ ಖರ್ಚು, ಜೊತೆಗಿದ್ದವರ ಊಟ, ಲಾಡ್ಜು, ಕಳೆದುಹೋದ ಕೂಲಿ, ಡಿಸ್ಚಾರ್ಜ್ ಆದ ಮೇಲಿನ ಮನೆ ಆರೈಕೆ. ನಿಮ್ಮ ಟ್ರಸ್ಟಿನ ದುಡ್ಡು ಹೋಗಬೇಕಾದ್ದು ಇಲ್ಲಿಗೆ. ಯೋಜನೆಗಳ ಅರ್ಜಿ ತುಂಬಿಸಿ, ರೇಷನ್ ಕಾರ್ಡ್, ಆಧಾರ್, ರೆಫರಲ್ ಪತ್ರ ಸರಿಮಾಡಿಕೊಡುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಇಟ್ಟುಕೊಂಡರೆ, ಆ ಸಂಬಳಕ್ಕೆ ಹಲವು ಪಟ್ಟು ಬೆಲೆಯ ಚಿಕಿತ್ಸೆ ರೋಗಿಗಳಿಗೆ ಸಿಗುತ್ತದೆ. ಆಸ್ಪತ್ರೆ ಬಿಲ್ ಕಟ್ಟುವ ಟ್ರಸ್ಟ್ ಆಗಲು ಹೋಗಬೇಡಿ. ಒಂದೇ ಬಿಲ್ಲು ನಿಮ್ಮ ವರ್ಷದ ದುಡ್ಡು ನುಂಗುತ್ತದೆ.

3. ಕಾಗದಪತ್ರ

ಮೂರು ದಾರಿಗಳಿವೆ. ಟ್ರಸ್ಟ್ ಮಾಡಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಡೀಡ್ ನೋಂದಾಯಿಸುವುದು ಒಂದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಸಂಘ ಮಾಡುವುದು ಇನ್ನೊಂದು, ಅದಕ್ಕೆ ಕನಿಷ್ಠ ಏಳು ಜನ ಬೇಕು. ಕಂಪನಿ ಕಾಯ್ದೆಯ ಸೆಕ್ಷನ್ 8ರ ಲಾಭರಹಿತ ಕಂಪನಿ ಮೂರನೆಯದು. ಸಣ್ಣ ಕೆಲಸಕ್ಕೆ ಟ್ರಸ್ಟ್ ಸಾಕು. ಸಂಘ ಮಾಡಿದರೆ ಪ್ರತಿ ವರ್ಷ ಲೆಕ್ಕ, ಸಮಿತಿ ಪಟ್ಟಿ ಸಲ್ಲಿಸಬೇಕು. ಅದನ್ನು ಮರೆತು ಐದಾರು ವರ್ಷ ಬಿಟ್ಟು ಒದ್ದಾಡುವ ಸಂಘಗಳು ಎಷ್ಟೋ ಇವೆ.

ಆಮೇಲೆ ಪ್ಯಾನ್, ಬ್ಯಾಂಕ್ ಖಾತೆ, ನೀತಿ ಆಯೋಗದ ಎನ್‌ಜಿಒ ದರ್ಪಣ್ ನೋಂದಣಿ. ಮುಖ್ಯವಾದದ್ದು ಆದಾಯ ತೆರಿಗೆ ಇಲಾಖೆಯ ಎರಡು ಕಾಗದ. 12ಎ ಅಂದರೆ ಟ್ರಸ್ಟಿಗೆ ಬಂದ ದುಡ್ಡಿಗೆ ತೆರಿಗೆ ವಿನಾಯಿತಿ. 80ಜಿ ಅಂದರೆ ನಿಮಗೆ ಕೊಟ್ಟ ದಾನಿಗೆ ತೆರಿಗೆ ರಿಯಾಯಿತಿ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದು ಸೆಕ್ಷನ್, ಫಾರಂ ನಂಬರ್‌ಗಳು ಬದಲಾಗಿವೆ. ಜನ ಮಾತ್ರ ಹಳೆಯ ಹೆಸರಿನಲ್ಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಅರ್ಜಿ ತುಂಬುವಾಗ ಹೊಸ ನಂಬರ್ ಯಾವುದು ಅಂತ ಆಡಿಟರನ್ನು ಕೇಳಿ.

ಹೊಸ ಟ್ರಸ್ಟಿಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಇಲ್ಲಿ ತುಂಬಾ ಜನ ಬೀಳುತ್ತಾರೆ. ಮೂರು ವರ್ಷ ಇದೆಯಲ್ಲ ಅಂತ ಸುಮ್ನೆ ಕೂರುತ್ತಾರೆ. ಕೆಲಸ ಶುರುವಾದ ಆರು ತಿಂಗಳೊಳಗೆ, ಅಥವಾ ಅವಧಿ ಮುಗಿಯಲು ಆರು ತಿಂಗಳು ಇರುವಾಗ, ಯಾವುದು ಮೊದಲೋ ಆಗ ಕಾಯಂ ನೋಂದಣಿಗೆ ಅರ್ಜಿ ಹಾಕಬೇಕು. ಕಾಯಂ ಅಂದರೂ ಅದಕ್ಕೂ ಅವಧಿ ಇದೆ. ಆ ತಾರೀಖನ್ನು ಕಚೇರಿ ಗೋಡೆ ಮೇಲೆ ಬರೆದಿಡಿ.

80ಜಿ ಬಗ್ಗೆ ದಾನಿಗಳಿಗೆ ಸುಳ್ಳು ಆಸೆ ಹುಟ್ಟಿಸಬೇಡಿ. 10,000 ಕೊಟ್ಟರೆ 5,000 ವಾಪಸ್ ಬರುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ತೆರಿಗೆ ಲೆಕ್ಕ ಹಾಕುವ ಆದಾಯದಲ್ಲಿ 5,000 ಕಡಿಮೆಯಾಗುತ್ತದೆ. ಶೇ 20ರ ಸ್ಲ್ಯಾಬಿನಲ್ಲಿ ಇರುವವರಿಗೆ ಉಳಿಯುವುದು ಸುಮಾರು 1,000 ರೂಪಾಯಿ. ಅದೂ ಹಳೆಯ ತೆರಿಗೆ ಪದ್ಧತಿ ಆಯ್ದುಕೊಂಡವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ಇರುವವರಿಗೆ ಏನೂ ಇಲ್ಲ. 2,000 ರೂಪಾಯಿ ಮೀರಿ ನಗದು ಕೊಟ್ಟರೂ ಇಲ್ಲ. ಈಗ ಸಂಬಳದಾರರು ತುಂಬಾ ಜನ ಹೊಸ ಪದ್ಧತಿಗೆ ಹೋಗಿರುವುದರಿಂದ "80ಜಿ ಇದೆ ಸಾರ್" ಅನ್ನುವ ಮಾತಿಗೆ ಮುಂಚಿನ ಬಲ ಇಲ್ಲ. ಭೇಟಿಯ ಲೆಕ್ಕ ತೋರಿಸಿ ಕೇಳುವುದೇ ಒಳ್ಳೆಯದು.

ಯಾರು ಎಷ್ಟು ಕೊಟ್ಟರು ಎಂಬ ವಿವರವನ್ನು ಪ್ರತಿ ವರ್ಷ ಮೇ 31ರೊಳಗೆ ಇಲಾಖೆಗೆ ಕೊಡಬೇಕು. ಫಾರಂ 10ಬಿಡಿ ಅಂತ ಕರೆಯುತ್ತಿದ್ದುದು ಇದನ್ನೇ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದಕ್ಕಿಂತ ಕೆಟ್ಟದ್ದು, ದಾನಿಗೆ ಸರ್ಟಿಫಿಕೇಟ್ ಸಿಗದೆ ಅವರ ತೆರಿಗೆ ರಿಯಾಯಿತಿ ತಪ್ಪುತ್ತದೆ. ಮುಂದಿನ ವರ್ಷ ಅವರು ಫೋನ್ ಎತ್ತುವುದಿಲ್ಲ. ರಸೀದಿ ಕೊಡುವಾಗಲೇ ಪ್ಯಾನ್ ನಂಬರ್ ಬರೆದುಕೊಳ್ಳಿ. ಮೇ ತಿಂಗಳಲ್ಲಿ ನೂರು ಜನಕ್ಕೆ ಫೋನ್ ಮಾಡಿ ಪ್ಯಾನ್ ಕೇಳುವ ಕೆಲಸ ಯಾರಿಗೂ ಬೇಡ.

4. ಸಂಬಳಕ್ಕೆ ತಿಂಗಳ ದಾನಿಗಳು

ನರ್ಸ್ ಸಂಬಳ ಪ್ರತಿ ತಿಂಗಳು ಬರುವ ಖರ್ಚು. ಅದಕ್ಕೆ ಪ್ರತಿ ತಿಂಗಳು ಬರುವ ದುಡ್ಡೇ ಬೇಕು. ತಿಂಗಳಿಗೆ 300 ರೂಪಾಯಿ ಕೊಡುವ 74 ಜನ ಸಿಕ್ಕರೆ 22,200 ಆಯಿತು. ಒಂದು ನರ್ಸ್ ಸಂಬಳಕ್ಕೆ ದಾರಿಯಾಯಿತು. ತಾಲ್ಲೂಕು ಕೇಂದ್ರದಲ್ಲಿ 74 ಜನ ಸಿಗದೇ ಇರುವುದಿಲ್ಲ. ಹೈಸ್ಕೂಲ್ ಮೇಷ್ಟ್ರುಗಳು, ಬ್ಯಾಂಕಿನವರು, ಎಲ್‌ಐಸಿ ಏಜೆಂಟರು, ಮೆಡಿಕಲ್ ಶಾಪಿನವರು, ನಿವೃತ್ತರ ಸಂಘ ಇದ್ದೇ ಇರುತ್ತವೆ.

ಕೇರಳದಲ್ಲಿ ಇದು ದೊಡ್ಡ ಮಟ್ಟದಲ್ಲಿ ನಡೆದಿದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ನೋವು ಶಮನ ಕೆಲಸ ಆಮೇಲೆ ಮಲಪ್ಪುರಂ ಕಡೆ ಊರೂರಿನ ಸ್ವಯಂಸೇವಕರ ಜಾಲವಾಯಿತು. ದುಡ್ಡಿನ ದೊಡ್ಡ ಪಾಲು ಆಯಾ ಊರಿನವರ ಸಣ್ಣ ಸಣ್ಣ ಕೊಡುಗೆಗಳದ್ದು. ಪಂಚಾಯಿತಿಗಳೂ ಕೈಜೋಡಿಸಿದವು. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾ ಬಂದಿದೆ. ಅದರ ಹಿಂದೆ ಇರುವುದೂ ದಾನದ ದುಡ್ಡೇ.

ಪ್ರತಿ ತಿಂಗಳು ಮನೆಮನೆಗೆ ಹೋಗಿ ವಸೂಲಿ ಮಾಡಲು ಆಗುವುದಿಲ್ಲ. ಯುಪಿಐ ಆಟೋಪೇ ಹಾಕಿಸಿ. ಒಮ್ಮೆ ಪಿನ್ ಒತ್ತಿದರೆ ಪ್ರತಿ ತಿಂಗಳು ತಾನೇ ಕಟ್ಟಾಗುತ್ತದೆ. ವಯಸ್ಸಾದವರಿಗೆ ಬ್ಯಾಂಕಿನಲ್ಲಿ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್, ಅಂದರೆ ಪ್ರತಿ ತಿಂಗಳು ಇಷ್ಟು ವರ್ಗಾಯಿಸಿ ಅಂತ ಬರೆದುಕೊಡುವುದು ಸುಲಭ. ಕೊಟ್ಟವರಿಗೆ ತಿಂಗಳಿಗೊಂದು ಸಂದೇಶ ಹೋಗಲಿ: ಎಷ್ಟು ಭೇಟಿ, ಎಷ್ಟು ಖರ್ಚು, ಖಾತೆಯಲ್ಲಿ ಎಷ್ಟಿದೆ. ನಾಲ್ಕು ಸಾಲು ಸಾಕು, ಗುಡ್ ಮಾರ್ನಿಂಗ್ ಚಿತ್ರ ಬೇಡ.

ಹುಟ್ಟುಹಬ್ಬ, ಮದುವೆ ವಾರ್ಷಿಕೋತ್ಸವ, ತಂದೆಯ ತಿಥಿ ದಿನ ಅನ್ನದಾನಕ್ಕೆ ಕೊಡುವ ರೂಢಿ ನಮ್ಮಲ್ಲಿದೆ. ಅದೇ ದಿನ "ಹತ್ತು ಭೇಟಿ, 7,000" ಅಂತ ಕೇಳಿ ನೋಡಿ. ಅವರ ಹೆಸರು, ದಿನಾಂಕ ಬರೆದಿಟ್ಟುಕೊಂಡು ಮುಂದಿನ ವರ್ಷ ಹದಿನೈದು ದಿನ ಮುಂಚೆ ನೆನಪಿಸಿ. ನಾನು ನೋಡಿದ ಹಾಗೆ, ಮನೆಯಲ್ಲಿ ಒಬ್ಬರು ರೋಗಿಯನ್ನು ಕಳೆದುಕೊಂಡ ಕುಟುಂಬಗಳೇ ಹೆಚ್ಚು ವರ್ಷ ಕೊಡುತ್ತವೆ. ಆದರೆ ಸಾವಿನ ಮನೆಯಲ್ಲಿ ಕೇಳಬೇಡಿ. ಅವರಾಗಿ ಕೇಳಿದಾಗ ಹೇಳಿದರೆ ಸಾಕು.

5. ಡಬ್ಬಿ ದುಡ್ಡು, ವಸ್ತು ದಾನ

ಮೆಡಿಕಲ್ ಶಾಪಿನಲ್ಲಿ, ಹೋಟೆಲ್ ಗಲ್ಲಾ ಪಕ್ಕ ಡಬ್ಬಿ ಇಡಬಹುದು. ನಂಬರ್ ಬರೆದ ಸೀಲ್ ಹಾಕಿ. ತೆಗೆಯುವಾಗ ನಿಮ್ಮವರಿಬ್ಬರು, ಅಂಗಡಿಯವರೊಬ್ಬರು ಇರಲಿ. ಅಲ್ಲೇ ಎಣಿಸಿ, ಮೂವರೂ ಸಹಿ ಹಾಕಿದ ಚೀಟಿಯ ಒಂದು ಪ್ರತಿ ಅಂಗಡಿಯಲ್ಲೇ ಬಿಡಿ. ಮಾರನೇ ದಿನವೇ ಬ್ಯಾಂಕಿಗೆ ಕಟ್ಟಿ. ಡಬ್ಬಿಯಿಂದ ನೇರ ಡೀಸೆಲ್ ಹಾಕಿಸುವ ಅಭ್ಯಾಸ ಮಾತ್ರ ಬೇಡವೇ ಬೇಡ. ಹೆಸರಿಲ್ಲದ ದಾನಕ್ಕೆ ಮಿತಿಯಿದೆ ಅನ್ನುವುದೂ ನೆನಪಿರಲಿ. ವರ್ಷದ ಒಟ್ಟು ದಾನದ ಶೇ 5 ಅಥವಾ 1 ಲಕ್ಷ, ಯಾವುದು ಜಾಸ್ತಿಯೋ ಅದನ್ನು ಮೀರಿದ ಅನಾಮಧೇಯ ದಾನಕ್ಕೆ ಶೇ 30 ತೆರಿಗೆ ಬೀಳುತ್ತದೆ.

ವೀಲ್‌ಚೇರ್, ಏರ್ ಬೆಡ್, ಕಮೋಡ್ ಕುರ್ಚಿ, ಆಕ್ಸಿಜನ್ ಕಾನ್ಸಂಟ್ರೇಟರ್ ದಾನವಾಗಿ ಬರುತ್ತವೆ. ರೋಗಿಗಳಿಗೆ ಎರವಲು ಕೊಡುವಾಗ ಡಿಪಾಸಿಟ್ ತೆಗೆದುಕೊಳ್ಳುತ್ತೀರಿ. ಆ ಡಿಪಾಸಿಟ್ ನಿಮ್ಮ ಆದಾಯ ಅಲ್ಲ, ವಾಪಸ್ ಕೊಡಬೇಕಾದ ಸಾಲ. ಅದನ್ನು ಬೇರೆಯಾಗಿಯೇ ಬರೆದಿಡಿ. ಉಳಿದ ಮಾತ್ರೆಗಳನ್ನು ತಂದುಕೊಡುವವರೂ ಇರುತ್ತಾರೆ. ಕತ್ತರಿಸಿದ ಸ್ಟ್ರಿಪ್, ಸೀಲ್ ಒಡೆದ ಸಿರಪ್, ಫ್ರಿಜ್ಜಿನಲ್ಲಿ ಇಡಬೇಕಾದ ಇಂಜೆಕ್ಷನ್ ತೆಗೆದುಕೊಳ್ಳಬೇಡಿ.

ಔಷಧ ಕಂಪನಿಯ ದುಡ್ಡು ಬಂದರೆ ಸ್ವಲ್ಪ ಯೋಚಿಸಿ. ಅವರು ರೋಗಿಗೆ ಉಚಿತ ಔಷಧಿ ಕೊಡುವುದು ಒಳ್ಳೆಯದೇ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರಿಗೆ ಬೇಕಾದ ದುಬಾರಿ ಮಾತ್ರೆ ನಮ್ಮ ದೇಶದ ಸಾವಿರಾರು ರೋಗಿಗಳಿಗೆ ಹಾಗೆ ಸಿಕ್ಕಿದೆ. ಆದರೆ ದುಡ್ಡು ಕೊಟ್ಟವರು ತಮ್ಮ ಬ್ರ್ಯಾಂಡನ್ನೇ ಹೇಳಿ ಅಂದರೆ, ರೋಗಿಗಳ ಪಟ್ಟಿ ಕೊಡಿ ಅಂದರೆ, ಕೈಮುಗಿದು ಬೇಡ ಅನ್ನಿ.

6. ಕಂಪನಿಗಳ ಸಿಎಸ್‌ಆರ್

ಸಿಎಸ್‌ಆರ್ ಅಂದರೆ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ನಿಯಮ. ನಿವ್ವಳ ಲಾಭ 5 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಆಸ್ತಿ 500 ಕೋಟಿ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಗೆ ಅನ್ವಯ. ಆರೋಗ್ಯ ಸೇವೆ ಅದರ ಪಟ್ಟಿಯಲ್ಲಿದೆ. ನಿಮಗೆ 12ಎ, 80ಜಿ, ಇಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಮತ್ತು ಕಂಪನಿ ವ್ಯವಹಾರಗಳ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಹೋದ ವರ್ಷ ಹುಟ್ಟಿದ ಟ್ರಸ್ಟಿಗೆ ಈ ಬಾಗಿಲು ತೆರೆಯುವುದಿಲ್ಲ.

ನಿಮ್ಮೂರಿನ ಸೌಹಾರ್ದ ಸಹಕಾರಿಗೋ ಹಾಲು ಒಕ್ಕೂಟಕ್ಕೋ ಈ ಕಾನೂನು ಇಲ್ಲ, ಅವು ಕಂಪನಿಗಳಲ್ಲ. ಆದರೆ ಲಾಭದಲ್ಲಿ ದತ್ತಿಗೆಂದು ಒಂದು ಪಾಲು ತೆಗೆದಿಡುವ ಸಹಕಾರ ಸಂಘಗಳಿವೆ. ಸೆಪ್ಟೆಂಬರಿನ ಸಾಮಾನ್ಯ ಸಭೆಗಿಂತ ಮುಂಚೆ ಅಧ್ಯಕ್ಷರನ್ನು ಕಂಡು ಬನ್ನಿ. ಮೂರು ವರ್ಷ ಕಾಯಬೇಕಾದ ಹೊಸಬರಿಗೆ ಇದೊಂದು ದಾರಿ.

ಸಿಎಸ್‌ಆರ್ ದುಡ್ಡು ಕಂತಿನಲ್ಲಿ ಬರುತ್ತದೆ. ಕೊನೆಯ ಕಂತು ಬರಬೇಕಾದರೆ ಖರ್ಚಾದ ಲೆಕ್ಕಕ್ಕೆ ಆಡಿಟರ್ ಸಹಿ ಹಾಕಿದ ಬಳಕೆ ಪ್ರಮಾಣಪತ್ರ ಕೊಡಬೇಕು. ಅಂದರೆ ನೀವು ಮೊದಲು ಕೈಯಿಂದ ಹಾಕಿರಬೇಕು. "ಆಡಳಿತಕ್ಕೆ ಶೇ 5 ಮಾತ್ರ" ಅಂತ ಕಂಪನಿಯವರು ನರ್ಸ್ ಸಂಬಳವನ್ನೂ ಅದರೊಳಗೆ ತುರುಕಲು ನೋಡುವುದುಂಟು. ಆ ಶೇ 5 ಕಂಪನಿಯ ಸ್ವಂತ ಸಿಎಸ್‌ಆರ್ ವಿಭಾಗದ ಖರ್ಚಿನ ಮಿತಿ. ಮನೆಗೆ ಹೋಗುವ ನರ್ಸ್ ಸಂಬಳ, ಡೀಸೆಲ್ ಎರಡೂ ಯೋಜನೆಯದೇ ಖರ್ಚು. ವಿನಯದಿಂದ, ಆದರೆ ಬಿಡದೆ ಹೇಳಿ.

ದೊಡ್ಡ ಅಪಾಯ ಬೇರೆ ಇದೆ. ಒಂದು ವರ್ಷದ ಸಿಎಸ್‌ಆರ್ ನಂಬಿ ನಾಲ್ಕು ನರ್ಸ್ ತೆಗೆದುಕೊಳ್ಳುತ್ತೀರಿ, ಮೂರು ಹೋಬಳಿಗೆ ವಿಸ್ತರಿಸುತ್ತೀರಿ. ಹದಿಮೂರನೇ ತಿಂಗಳು ಕಂಪನಿ ಶಾಲೆ ಕಟ್ಟಡಕ್ಕೆ ಹೋಗುತ್ತದೆ. ರೋಗಿಗಳು ಎಲ್ಲಿಗೆ ಹೋಗಬೇಕು? ನನ್ನ ಅಭಿಪ್ರಾಯದಲ್ಲಿ ವರ್ಷದ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಕಂಪನಿಯಿಂದ ಬರಬಾರದು. ಗಾಡಿ, ಉಪಕರಣ, ತರಬೇತಿ ಇವಕ್ಕೆ ಸಿಎಸ್‌ಆರ್ ಚೆನ್ನಾಗಿ ಹೊಂದುತ್ತದೆ.

7. ಹೊರದೇಶದ ನೆಂಟರು

ಅಮೆರಿಕದಲ್ಲಿರುವ ಅಣ್ಣ 500 ಡಾಲರ್ ಕಳಿಸುತ್ತೇನೆ ಅಂದರೆ, ಮೊದಲು ಕೇಳಬೇಕಾದ್ದು ಅವರ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಅಲ್ಲಿಯ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ, ಇಲ್ಲಿನ ಖಾತೆಯಿಂದ ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಅಲ್ಲಿ ನೋಂದಣಿಯಾದ ಕನ್ನಡ ಕೂಟದ ದುಡ್ಡೂ ವಿದೇಶಿಯೇ.

ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. ಮೂರು ವರ್ಷ ಕೆಲಸ ಮಾಡಿರಬೇಕು, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ಮುಖ್ಯ ಕೆಲಸಕ್ಕೆ ಖರ್ಚಾಗಿರಬೇಕು. ದುಡ್ಡು ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತಕ್ಕೆ ಶೇ 20ರ ಮಿತಿ. ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ವರ್ಷಕ್ಕೆ ಒಂದೆರಡು ಲಕ್ಷಕ್ಕಾಗಿ ಇಷ್ಟು ತಲೆನೋವು ಬೇಡ ಅನ್ನುವುದು ನನ್ನ ಸಲಹೆ. ಊರಿನಲ್ಲಿರುವ ತಮ್ಮನ ಖಾತೆಗೆ ಹಾಕಿಸಿ ಕೊಡಿಸುವ ಉಪಾಯ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಿಕ್ಕಿಬಿದ್ದರೆ ಟ್ರಸ್ಟಿಗಳ ಕೊರಳಿಗೇ ಬರುತ್ತದೆ.

8. ಒಬ್ಬ ರೋಗಿಯ ಹೆಸರಿನಲ್ಲಿ ಕೂಡಿಸುವಾಗ

ಮಿಲಾಪ್, ಕೆಟ್ಟೋದಂಥ ಜಾಲತಾಣಗಳಲ್ಲಿ ಒಬ್ಬರ ಆಪರೇಷನ್ನಿಗೆ ಹಣ ಕೂಡಿಸಬಹುದು. ದುಡ್ಡು ನೇರ ಆಸ್ಪತ್ರೆ ಖಾತೆಗೆ ಹೋಗುವಂತೆ ಮಾಡಿ. ಟ್ರಸ್ಟಿನ ಖಾತೆಗೆ ಬಂದರೆ ಒಬ್ಬರದು ಇನ್ನೊಬ್ಬರದಕ್ಕೆ ಬೆರೆಯುತ್ತದೆ. ಫೋಟೊ, ರೋಗದ ಹೆಸರು ಹಾಕುವ ಮುಂಚೆ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಒಪ್ಪದಿದ್ದರೂ ಸೇವೆ ನಿಲ್ಲುವುದಿಲ್ಲ ಅಂತ ಅದೇ ಕಾಗದದಲ್ಲಿ ಇರಲಿ. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಅಮ್ಮನ ಕ್ಯಾನ್ಸರ್ ಸುದ್ದಿ ಊರೆಲ್ಲ ವಾಟ್ಸ್‌ಆ್ಯಪಿನಲ್ಲಿ ಓಡಾಡುವುದು ಯಾರಿಗೂ ಬೇಡ.

ಕೇಳಲು ಕಷ್ಟವಾದ ಇನ್ನೊಂದು ಮಾತಿದೆ. ದುಡ್ಡು ಮುಗಿಯುವ ಮುಂಚೆ ರೋಗಿ ತೀರಿಕೊಂಡರೆ ಉಳಿದದ್ದು ಯಾರಿಗೆ? ಮನವಿಯಲ್ಲೇ ಬರೆದುಬಿಡಿ: "ಉಳಿದರೆ ಇದೇ ಕಾಯಿಲೆಯ ಇನ್ನೊಬ್ಬ ರೋಗಿಗೆ." ಆಮೇಲೆ ಹೇಳಲು ಹೋದರೆ ಮನೆಯವರ ಜೊತೆಗೂ ಜಗಳ, ದಾನಿಗಳ ಜೊತೆಗೂ ಜಗಳ.

9. ಕೈಯಲ್ಲಿ ಆರು ತಿಂಗಳ ದುಡ್ಡು

ಒಳ್ಳೆಯ ದಾನಿ ಸಿಕ್ಕ ಕೂಡಲೇ "ಕಾರ್ಪಸ್ ಮಾಡೋಣ" ಅಂತಾರೆ. ಕಾರ್ಪಸ್ ಅಂದರೆ ಮೂಲನಿಧಿ. ಅಸಲು ಮುಟ್ಟದೆ ಬಡ್ಡಿ ಮಾತ್ರ ಖರ್ಚು ಮಾಡುವುದು. ಕೇಳಲು ಚೆಂದ. ಆದರೆ 10 ಲಕ್ಷಕ್ಕೆ ಶೇ 7 ಬಡ್ಡಿ ಅಂದರೂ ವರ್ಷಕ್ಕೆ 70,000. ನಮ್ಮ ಉದಾಹರಣೆಯ ಟ್ರಸ್ಟ್ ಅದರಲ್ಲಿ ಒಂದೇ ತಿಂಗಳು ನಡೆಯುತ್ತದೆ. ಮೊದಲು ಬೇಕಾದ್ದು ಕಷ್ಟಕಾಲಕ್ಕೆ ತೆಗೆಯಬಹುದಾದ ಆರು ತಿಂಗಳ ಖರ್ಚು, ಅಂದರೆ 4.2 ಲಕ್ಷ.

ಇದನ್ನು ಒಂದೇ ವರ್ಷ ಕೂಡಿಡಲು ಆಗುವುದಿಲ್ಲ. ವಿನಾಯಿತಿ ಬೇಕಿದ್ದರೆ ವರ್ಷದ ಆದಾಯದ ಶೇ 85ರಷ್ಟು ಅದೇ ವರ್ಷ ಕೆಲಸಕ್ಕೆ ಖರ್ಚಾಗಬೇಕು. ಶೇ 15 ಮಾತ್ರ ಸುಮ್ನೆ ಉಳಿಸಬಹುದು. 10 ಲಕ್ಷ ಬಂದರೆ 1.5 ಲಕ್ಷ ಉಳಿಸಿ. ಮೂರು ವರ್ಷಕ್ಕೆ ಗುರಿ ಮುಟ್ಟುತ್ತೀರಿ. ಅದಕ್ಕಿಂತ ಜಾಸ್ತಿ ಉಳಿಸಬೇಕಾದರೆ ಯಾವ ಉದ್ದೇಶಕ್ಕೆ ಅಂತ ಇಲಾಖೆಗೆ ಮೊದಲೇ ಬರೆದುಕೊಟ್ಟು ಐದು ವರ್ಷದೊಳಗೆ ಖರ್ಚು ಮಾಡುವ ಅವಕಾಶವೂ ಇದೆ. ಕಾರ್ಪಸ್‌ಗೆ ಅಂತಲೇ ಕೊಟ್ಟ ದುಡ್ಡು ಈ ಲೆಕ್ಕದಿಂದ ಹೊರಗೆ. ಆದರೆ ದಾನಿ ಹಾಗಂತ ಪತ್ರ ಬರೆದುಕೊಟ್ಟಿರಬೇಕು, ದುಡ್ಡು ಬೇರೆ ಎಫ್‌ಡಿಯಲ್ಲಿ ಇರಬೇಕು.

ಮೀಸಲು ದುಡ್ಡು ಮೂರು ತಿಂಗಳ ಖರ್ಚಿಗಿಂತ ಕೆಳಗಿಳಿದರೆ ಏನು ಮಾಡಬೇಕು ಅಂತ ಇವತ್ತೇ ಟ್ರಸ್ಟಿಗಳ ಸಭೆಯಲ್ಲಿ ಠರಾವು ಮಾಡಿಡಿ. ಹೊಸ ರೋಗಿಗಳನ್ನು ತೆಗೆದುಕೊಳ್ಳುವುದು ನಿಲ್ಲಿಸುವುದು, ಇರುವವರ ಭೇಟಿ ಮುಂದುವರಿಸುವುದು, ತಾಲ್ಲೂಕು ಆಸ್ಪತ್ರೆ ವೈದ್ಯಾಧಿಕಾರಿಗೆ ಮತ್ತು ಆಯಾ ಊರಿನ ಆಶಾ ಕಾರ್ಯಕರ್ತೆಗೆ ಆ ವಾರವೇ ತಿಳಿಸುವುದು, ತಿಂಗಳ ದಾನಿಗಳಿಗೆ ಖಾತೆಯಲ್ಲಿರುವ ಮೊತ್ತವನ್ನು ಹಾಗೇ ಬರೆದು ಕಳಿಸುವುದು. ಠರಾವಿನ ಒಂದು ಪ್ರತಿ ನರ್ಸ್ ಕೈಯಲ್ಲೂ ಇರಲಿ. ಮನೆಯವರು ಮೊದಲು ಕೇಳುವುದು ಅವರನ್ನೇ.